ಮೊದಲು ಹೇಳಿದವರು

ಎಮೊರುಟ್ ಮೇಷ್ಟ್ರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ವಿನಯಕ್ಕೆ ಹೇಳುವ ಮಾತಲ್ಲ ಇದು, ಓದುತ್ತಾ ಹೋದರೆ ನಿಮಗೇ ತಿಳಿಯುತ್ತದೆ. ಆದರೆ ಆರು ವರ್ಷ ಅವರ ಎದುರಿನ ಮೇಜಿನಲ್ಲಿ ಕೂತವಳು ನಾನು. ಬೇರೆ ಯಾರೂ ಬರೆಯುವವರಿಲ್ಲ. ಬರೆದರೂ ಸುಳ್ಳು ಬರೆಯುತ್ತಾರೆ. ಸುಳ್ಳು ಈಗಾಗಲೇ ಸಾಕಷ್ಟಾಗಿದೆ.

ನನ್ನ ಹೆಸರು ಆಚೊಮ್. ಕುಮಿಯಿಂದ ಸೊರೋಟಿಗೆ ಹೋಗುವ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಅದರ ಮೇಲೆ 'ಹಿರಿಯ ಮೇಡಂ' ಅನ್ನುವ ಹುದ್ದೆಯೂ ನನ್ನದೇ. ನಮ್ಮ ಕಡೆ ಪ್ರತಿ ಶಾಲೆಯಲ್ಲೂ ಅಂಥವಳೊಬ್ಬಳು ಇರಲೇಬೇಕು. ಹುಡುಗಿಯರ ಹೊಟ್ಟೆನೋವು, ಬಟ್ಟೆಯ ಕಲೆ, ಹಾಸ್ಟೆಲಿನ ಜಗಳ, ಯಾರಿಗೂ ಹೇಳಿಕೊಳ್ಳಲಾಗದ ಕಷ್ಟ, ಎಲ್ಲ ಅವಳ ಪಾಲಿಗೆ. ಹದಿನೇಳು ವರ್ಷದಿಂದ ಆ ಕೆಲಸ ಮಾಡುತ್ತಿದ್ದೇನೆ. ಚೆನ್ನಾಗಿ ಮಾಡುತ್ತೇನೆಂದು ಪ್ರಶಸ್ತಿಪತ್ರವನ್ನೂ ಕೊಟ್ಟಿದ್ದಾರೆ, ಗೋಡೆಗೆ ಹಾಕಿಕೊಂಡಿದ್ದೇನೆ.

ಗಿಲ್ಬರ್ಟ್ ಎಮೊರುಟ್ ನಮ್ಮಲ್ಲಿಗೆ ಇಂಗ್ಲಿಷ್ ಮೇಷ್ಟ್ರಾಗಿ ಬಂದಾಗ ಅವರಿಗೆ ಮೂವತ್ತು ದಾಟಿರಲಿಲ್ಲ. ಉದ್ದಕ್ಕೆ, ಒಣಕಲಾಗಿ, ಕುತ್ತಿಗೆ ಮುಂದೆ ಚಾಚಿಕೊಂಡು ನಡೆಯುತ್ತಿದ್ದರು. ಸೆರೆರೆ ಕಡೆಯ ಮೀನುಗಾರರ ಮನೆ. ಅಪ್ಪ ಕಿಯೋಗ ಸರೋವರದಲ್ಲಿ ಬಲೆ ಬೀಸುವವನು. ಒಂದು ಮಧ್ಯಾಹ್ನ ಮೆಕ್ಕೆಜೋಳದ ಪೋಶೊ ಮುದ್ದೆ, ಬೀನ್ಸ್ ಉಣ್ಣುತ್ತಾ ತಮ್ಮ ಬಾಲ್ಯದ ಒಂದು ವಿಷಯ ಹೇಳಿದರು. ಅವರ ಪ್ರಾಥಮಿಕ ಶಾಲೆಯಲ್ಲಿ ಮನೆಮಾತು ಅತೇಸೊ ಆಡಿ ಸಿಕ್ಕಿಬಿದ್ದವರ ಕುತ್ತಿಗೆಗೆ ಒಂದು ಮರದ ಬಿಲ್ಲೆ ನೇತುಹಾಕುತ್ತಿದ್ದರಂತೆ. ಇನ್ನೊಬ್ಬ ಸಿಕ್ಕಿಬಿದ್ದರೆ ಬಿಲ್ಲೆ ಅವನ ಕೊರಳಿಗೆ. ಸಂಜೆ ಯಾರ ಕೊರಳಲ್ಲಿ ಉಳಿಯಿತೋ ಅವನಿಗೆ ಬೆತ್ತ. ನಮ್ಮ ಶಾಲೆಯಲ್ಲೂ ಇತ್ತು, ನಾನೂ ಹಾಕಿಕೊಂಡವಳೇ. ಆದರೆ ನಾವೆಲ್ಲ ಅದನ್ನು ಇನ್ನೊಬ್ಬರ ಕೊರಳಿಗೆ ದಾಟಿಸುವ ಉಪಾಯ ಕಲಿತೆವು. ಎಮೊರುಟ್ ಕಲಿಯಲಿಲ್ಲ. ಮೂರು ದಿನ ಏಟು ತಿಂದು, ನಾಲ್ಕನೇ ದಿನದಿಂದ ಶಾಲೆಯಲ್ಲಿ ಮಾತನ್ನೇ ಬಿಟ್ಟರು. ಎರಡು ವರ್ಷ. ಹುಡುಗ ಮೂಗನೆಂದು ಮೇಷ್ಟ್ರುಗಳು ಬರೆದುಕೊಂಡಿದ್ದರಂತೆ.

"ಇಂಗ್ಲಿಷ್ ಬರದೇ ಸುಮ್ನಿದ್ದಿದ್ದಲ್ಲ ಮೇಡಂ," ಅಂದರು. "ಬಾಯಿ ಬಿಟ್ರೆ ಏಟು ಅಂತ ಗೊತ್ತಾದ್ಮೇಲೆ ಯಾವ ಭಾಷೆನೂ ಬರಲ್ಲ."

ಹೊಸ ಪಠ್ಯಕ್ರಮ ಬಂದಾಗ ನಮ್ಮನ್ನೆಲ್ಲ ಮೂರು ದಿನದ ತರಬೇತಿಗೆ ಸೊರೋಟಿಗೆ ಕಳಿಸಿದರು. ಇನ್ನು ಮೇಲೆ ಮೇಷ್ಟ್ರು ಕಡಿಮೆ ಮಾತಾಡಬೇಕು, ಮಕ್ಕಳು ಹೆಚ್ಚು ಮಾತಾಡಬೇಕು, ಗುಂಪು ಮಾಡಬೇಕು, ಮಕ್ಕಳೇ ಹುಡುಕಿ ಮಕ್ಕಳೇ ಹೇಳಬೇಕು ಅಂದರು. ನಾವು ಊಟ ಮಾಡಿ, ಭತ್ಯೆಗೆ ಸಹಿ ಹಾಕಿ, ದೊಡ್ಡ ಹಾಳೆಗಳನ್ನು ಸುರುಳಿ ಸುತ್ತಿಕೊಂಡು ಬಂದು ಬೀರುವಿನ ಮೇಲೆ ಎಸೆದೆವು. ಎಮೊರುಟ್ ಮಾತ್ರ ಸೋಮವಾರ ಬೆಳಿಗ್ಗೆ ಬೆಂಚುಗಳನ್ನು ಎಳೆದಾಡಿ ದುಂಡಗೆ ಜೋಡಿಸಿಬಿಟ್ಟರು. ಎಪ್ಪತ್ತೆಂಟು ಮಕ್ಕಳ ತರಗತಿ ಮಾರಾಯ್ರೇ! ಜಾಗ ಸಾಲದೆ ಅರ್ಧ ಮಕ್ಕಳನ್ನು ಮಾವಿನ ಮರದ ಕೆಳಗೆ ಕೂರಿಸಿದರು.

ಸ್ಟಾಫ್ ರೂಮಿನಲ್ಲಿ ತಮಾಷೆಗೆ ಲಂಗುಲಗಾಮಿರಲಿಲ್ಲ. "ಎಮೊರುಟ್ ಪಾಠ ಮಾಡಲ್ಲ ಕಣ್ರೀ, ಮಕ್ಕಳೇ ಅವ್ರಿಗೆ ಪಾಠ ಮಾಡ್ತವೆ," ಅಂತ ಒಬ್ಬರು. "ಸಂಬಳನೂ ಮಕ್ಕಳಿಗೇ ಕೊಟ್ಬಿಡಪ್ಪ," ಅಂತ ಇನ್ನೊಬ್ಬರು. ನಾನೂ ನಕ್ಕಿದ್ದೇನೆ. ಅಪ್ಪಂದಿರು ದೂರು ತಂದರು: ಮಗನ ನೋಟ್‌ಬುಕ್ಕಿನಲ್ಲಿ ನೋಟ್ಸೇ ಇಲ್ಲ, ಮಗ ಬರೆದಿದ್ದೇ ಇದೆ, ಇದೆಂಥ ಓದು? ಮೇಷ್ಟ್ರು ಎಲ್ಲರ ಮಾತನ್ನೂ ತಾಳ್ಮೆಯಿಂದ ಕೇಳಿ, ಮರುದಿನ ಮತ್ತೆ ಬೆಂಚು ಎಳೆಯುತ್ತಿದ್ದರು.

ಪ್ರತಿ ಪಾಠಕ್ಕೂ ಗುಂಪಿನ ಹಾಳೆಯೊಂದನ್ನು ತುಂಬುತ್ತಿದ್ದರು. ಗುಂಪಿನ ಮುಖ್ಯಸ್ಥ ಯಾರು, ಬರೆದವರು ಯಾರು, ಎದ್ದು ಹೇಳಿದವರು ಯಾರು. ಇದೆಲ್ಲ ತರಬೇತಿಯಲ್ಲಿ ಹೇಳಿದ್ದೇ. ಕೊನೆಯ ಒಂದು ಕಾಲಮನ್ನು ಮಾತ್ರ ಅವರೇ ಗೀಟು ಹಾಕಿ ಸೇರಿಸಿದ್ದರು: 'ಮೊದಲು ಹೇಳಿದವರು.' ಗುಂಪಿನಲ್ಲಿ ಸಣ್ಣ ದನಿಯ ಮಗು ಒಂದು ಒಳ್ಳೆಯ ಮಾತು ಹೇಳುತ್ತದೆ, ದೊಡ್ಡ ಗಂಟಲಿನವನು ಎದ್ದು ಅದನ್ನೇ ತನ್ನದೆಂದು ಹೇಳಿ ಚಪ್ಪಾಳೆ ಗಿಟ್ಟಿಸಿಕೊಳ್ಳುತ್ತಾನೆ. ಹಾಗಾಗಬಾರದು, ಯಾರ ಮಾತೋ ಅವರ ಹೆಸರು ಕಾಗದದ ಮೇಲೆ ಇರಬೇಕು ಅನ್ನುವುದು ಅವರ ಹಟ. ತರಗತಿಯ ಕೊನೆಯಲ್ಲಿ ಆ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ತಮ್ಮ ಹೆಸರು ಬಂದಾಗ ಕೆಲವು ಮಕ್ಕಳ ಮುಖ ನೋಡಬೇಕಿತ್ತು.

ಅಸಿಯೊ ಅನ್ನುವ ಹುಡುಗಿ ಆ ಹಾಳೆಯಿಂದಲೇ ಬಾಯಿ ತೆರೆದವಳು. ಎಂಗೋರಾ ಕಡೆಯ ಹಳ್ಳಿಯವಳು. ತಾಯಿ ರಾಗಿಯ ಅಜೋನ್ ಹೆಂಡ ಕಾಸಿ ಮಾರಿ ಓದಿಸುತ್ತಿದ್ದಳು. ಆ ಮನೆಯಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತಿದವಳು ಇವಳೇ ಮೊದಲು. ಐದು ವಾರ ತುಟಿ ಬಿಚ್ಚಲಿಲ್ಲ. ಆರನೇ ವಾರ ಏನೋ ಒಂದು ಮಾತು ಪಕ್ಕದವನ ಕಿವಿಯಲ್ಲಿ ಹೇಳಿದಳು, ಅವನು ಎದ್ದು ಹೇಳಿದ, ಮೇಷ್ಟ್ರು ಕೊನೆಯಲ್ಲಿ "ಮೊದಲು ಹೇಳಿದವರು ಅಸಿಯೊ" ಎಂದು ಓದಿದರು. ಅಲ್ಲಿಂದಾಚೆಗೆ ಅವಳನ್ನು ಸುಮ್ಮನಿರಿಸುವುದೇ ಕಷ್ಟವಾಯಿತು. ನರ್ಸ್ ಆಗುತ್ತೇನೆ ಅನ್ನುತ್ತಿದ್ದಳು, ನನ್ನ ಜೀವಶಾಸ್ತ್ರದ ತರಗತಿಯಲ್ಲಿ ಮುಂದಿನ ಬೆಂಚು. ಮೂರನೇ ವರ್ಷ ಮುಗಿಸಿ ನಾಲ್ಕನೆಯದಕ್ಕೆ ಹೋಗಿ ಬೋರ್ಡ್ ಪರೀಕ್ಷೆ ಬರೆಯುವುದೊಂದೇ ಬಾಕಿ ಇತ್ತು.

ಇನ್ನು ಪುಸ್ತಕದ ಕೋಣೆಯ ವಿಷಯ ಹೇಳಬೇಕು. ಹೇಳದೆ ಮುಂದೆ ಹೋಗಲಾಗುವುದಿಲ್ಲ.

ನಮ್ಮ ಉಪ ಮುಖ್ಯೋಪಾಧ್ಯಾಯ ಒಲುಕಾ. ಶಾಲೆಯ ಹಿಂಭಾಗದ ಪುಸ್ತಕದ ಕೋಣೆಯ ಬೀಗದ ಕೈ ಅವನ ಜೇಬಿನಲ್ಲೇ ಇರುತ್ತಿತ್ತು. ಡಿಕ್ಷನರಿ ಬೇಕಾದರೂ ಅವನು, ಸೀಮೆಸುಣ್ಣ ಬೇಕಾದರೂ ಅವನು. "ಒಬ್ಬಳನ್ನ ಕಳ್ಸಿ, ಕೊಡ್ತೀನಿ," ಅನ್ನುತ್ತಿದ್ದ. ಒಬ್ಬಳನ್ನೇ. ನಾನು ಈ ಶಾಲೆಗೆ ಸೇರಿದ ಮೂರನೇ ವರ್ಷ ಒಂದು ಹುಡುಗಿ ಸೀಮೆಸುಣ್ಣಕ್ಕೆ ಹೋದವಳು ಅರ್ಧ ಗಂಟೆ ಬಿಟ್ಟು ಬರಿಗೈಯಲ್ಲಿ ಬಂದಳು. ನನ್ನ ಮೇಜಿನ ಮುಂದೆ ನಿಂತಳು. ಏನೂ ಹೇಳಲಿಲ್ಲ. ಸ್ವೆಟರಿನ ಗುಂಡಿಗಳು ಕಿತ್ತುಹೋಗಿದ್ದವು. ಆ ಟರ್ಮು ಮುಗಿದ ಮೇಲೆ ಅವಳು ಶಾಲೆಗೆ ಬರಲೇ ಇಲ್ಲ. ಆಗಿನ ಮುಖ್ಯೋಪಾಧ್ಯಾಯರ ಹತ್ತಿರ ಹೋದೆ. "ಸಾಕ್ಷಿ ಇದ್ಯಾ? ಸಾಕ್ಷಿ ಇಲ್ದೆ ಮಾತಾಡಿದ್ರೆ ನೀವಿರೋ ಕ್ವಾರ್ಟರ್ಸು ಯಾರದ್ದು ಅನ್ನೋದನ್ನೂ ಯೋಚ್ನೆ ಮಾಡಿ," ಅಂದರು. ಆಗ ನನ್ನ ಮಗ ಎರಡು ವರ್ಷದವನು, ಗಂಡ ತೀರಿಕೊಂಡು ಆರು ತಿಂಗಳು. ಬಾಯಿಗೆ ಬೀಗ ಹಾಕಿಕೊಂಡು ಹೊರಬಂದೆ.

ಮಾಡಿದ್ದು ಒಂದೇ ಒಂದು ಕೆಲಸ. ಪ್ರತಿ ವರ್ಷ ಹೊಸ ಹುಡುಗಿಯರು ಬಂದಾಗ ಒಬ್ಬೊಬ್ಬಳನ್ನೇ ಕರೆದು ಮುಟ್ಟಿನ ಬಟ್ಟೆಯ ಪ್ಯಾಕೆಟ್ಟು, ಸೋಪು ಕೈಗಿಟ್ಟು, ಕಿವಿಯಲ್ಲಿ ಹೇಳುತ್ತಿದ್ದೆ: "ಪುಸ್ತಕದ ಕೋಣೆಗೆ ಒಬ್ಬಳೇ ಹೋಗ್ಬೇಡ. ಜೊತೆಗೆ ಯಾರನ್ನಾದ್ರೂ ಕರ್ಕೊಂಡ್ ಹೋಗು." ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ನನ್ನ ಮುಖ ನೋಡಿದರೆ ಸಾಕಿತ್ತು. ಹೇಳಿದ ಮೇಲೆ ನನಗೆ ಅನ್ನ ಸೇರುತ್ತಿತ್ತು, ನಿದ್ದೆಯೂ ಬರುತ್ತಿತ್ತು. ಕೆಲವರು ಮರೆತು ಒಬ್ಬರೇ ಹೋದರು. ಅವರ ಲೆಕ್ಕ ನಾನು ಇಟ್ಟಿಲ್ಲ.

ಪಾಲಕರ ದಿನ ಹತ್ತಿರ ಬಂತು. ನಮ್ಮ ಶಾಲೆಗಳ ಅಂಗಳದಲ್ಲಿ ಹುಲ್ಲಿನ ನಡುವೆ ಸಣ್ಣ ಸಣ್ಣ ಹಲಗೆಗಳನ್ನು ನೆಟ್ಟಿರುತ್ತಾರೆ. 'ಸಮಯ ಪಾಲಿಸು', 'ಇಂಗ್ಲಿಷಿನಲ್ಲೇ ಮಾತಾಡು', 'ಶಿಸ್ತೇ ಯಶಸ್ಸು'. ಮಾತಾಡುವ ಅಂಗಳ ಎಂದು ಅದಕ್ಕೆ ಹೆಸರು. ಮಕ್ಕಳು ಅವನ್ನು ಓದುವುದಿಲ್ಲ, ಆಡುಗಳು ಅವಕ್ಕೆ ಮೈ ಉಜ್ಜುತ್ತವೆ. ನಮ್ಮವು ಬಣ್ಣ ಹೋಗಿ ನಿಂತಿದ್ದವು. ಹೊಸದಾಗಿ ಬರೆಸಿ ಎಂದು ಮುಖ್ಯೋಪಾಧ್ಯಾಯ ಒಕಲೇಬೊ ಆ ಕೆಲಸವನ್ನು ಎಮೊರುಟ್‌ಗೆ ಒಪ್ಪಿಸಿದರು. ಇಂಗ್ಲಿಷ್ ಮೇಷ್ಟ್ರಲ್ಲವೇ.

ಬೇರೆಯವರಾಗಿದ್ದರೆ ಹಳೆಯದನ್ನೇ ಹೊಸ ಬಣ್ಣದಲ್ಲಿ ಬರೆಸಿ ಕೈ ತೊಳೆದುಕೊಳ್ಳುತ್ತಿದ್ದರು. ಎಮೊರುಟ್ ಮೂರನೇ ವರ್ಷದ ಮಕ್ಕಳನ್ನು ಮಾವಿನ ಮರದ ಕೆಳಗೆ ಐದೈದರ ಗುಂಪು ಮಾಡಿ ಕೂರಿಸಿ ಒಂದು ಪ್ರಶ್ನೆ ಕೊಟ್ಟರು. "ಈ ಶಾಲೆಗೆ ಬಂದ ಮೊದಲನೇ ದಿನ ನಿಮಗೆ ಯಾರಾದ್ರೂ ಒಂದು ಮಾತು ಹೇಳಿದ್ರೆ ಚೆನ್ನಾಗಿರ್ತಿತ್ತು ಅನ್ಸತ್ತಲ್ಲ, ಆ ಮಾತು ಬರೀರಿ. ಹೊಸ ಮಕ್ಕಳು ಓದ್ತಾರೆ. ಅವ್ರಿಗೆ ಉಪಯೋಗ ಆಗ್ಬೇಕು."

ಅಬ್ಬಾ, ಏನೆಲ್ಲ ಬರೆದವು! 'ಪಂಪಿನ ಹತ್ತಿರ ಬೆಳಿಗ್ಗೆ ಆರಕ್ಕೆ ಮುಂಚೆ ಸಾಲು ಇರುವುದಿಲ್ಲ.' 'ಬೀನ್ಸಿನಲ್ಲಿ ಹುಳ ಕಂಡರೆ ಪಕ್ಕದವರಿಗೆ ಹೇಳಬೇಡ, ಅವರೂ ಉಣ್ಣಲಿ.' 'ಅಳು ಬಂದರೆ ಅಡುಗೆಮನೆಯ ಹಿಂದೆ ಹೋಗು, ಹೊಗೆಗೆ ಕಣ್ಣೀರು ಬಂತು ಎನ್ನಬಹುದು.' ನಾಲ್ಕನೇ ಗುಂಪಿನದು: 'ಹುಡುಗಿಯರೇ, ಪುಸ್ತಕದ ಕೋಣೆಗೆ ಒಬ್ಬೊಬ್ಬರೇ ಹೋಗಬೇಡಿ.'

ಮೇಷ್ಟ್ರು ಆ ಹಾಳೆ ಹಿಡಿದುಕೊಂಡು ಸಂಜೆ ನನ್ನ ಮೇಜಿನ ಹತ್ತಿರ ಬಂದರು. ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದೆವು.

"ಮೇಡಂ, ಪುಸ್ತಕದ ಕೋಣೇಲಿ ಏನಿದೆ?"

"ಯಾಕ್ರೀ?"

"ಮಕ್ಕಳು ಬರ್ದಿದಾರೆ. ಯಾಕೆ ಅಂತ ಕೇಳಿದ್ರೆ ಎಲ್ಲ ನೆಲ ನೋಡ್ತಾರೆ. ನೀವು ಹುಡುಗೀರ ವಿಷಯ ನೋಡ್ಕೊಳ್ಳೋರು, ನಿಮಗೆ ಗೊತ್ತಿರತ್ತೆ."

ಅದೊಂದು ಗಳಿಗೆ ಇತ್ತು. ಹೇಳಿಬಿಡಬಹುದಿತ್ತು. ಅವರು ಕೇಳಿದ್ದರು, ನಾನು ಹೇಳಬೇಕಿತ್ತು, ಅಷ್ಟೇ.

"ಹಾವು," ಅಂದೆ. "ಹೋದ ಟರ್ಮಲ್ಲಿ ಅಲ್ಲೊಂದು ಹಾವು ಸಿಕ್ಕಿತ್ತಲ್ಲ. ಅದಕ್ಕೇ ಹೆದರ್ಕೊಂಡಿರ್ತವೆ, ಪಾಪ."

"ಓಹೋ," ಎಂದು ನಕ್ಕರು. "ಹಾಗಾದ್ರೆ ಒಳ್ಳೇದೇ ಬರ್ದಿದಾರೆ." ನನ್ನ ಮಾತನ್ನು ಅನುಮಾನಿಸುವುದು ಆ ಮನುಷ್ಯನಿಗೆ ಹೊಳೆಯಲೇ ಇಲ್ಲ.

ಹಲಗೆಗಳು ನಿಂತವು. ಆಡು ಬೀಳಿಸದಿರಲಿ ಎಂದು ಹುಡುಗರು ಬುಡಕ್ಕೆ ಸಿಮೆಂಟು ಬೇರೆ ಹಾಕಿದ್ದರು. ಪಾಲಕರ ದಿನದ ಹಿಂದಿನ ಸಂಜೆ ಹಾಕಿದ್ದರಿಂದ ಒಕಲೇಬೊ ಸಾಹೇಬರು ದೂರದಿಂದಲೇ ಬಿಳಿ ಬಣ್ಣ ನೋಡಿ ಭೇಷ್ ಎಂದು ಹೋದರು. ನಾನು ನಾಲ್ಕನೇ ಗುಂಪಿನ ಹಲಗೆಯ ಮುಂದೆ ಎರಡು ಸಲ ಹಾದುಹೋದೆ. ಕಿವಿಯಲ್ಲಿ ಹೇಳಿದ ನನ್ನ ಮಾತು ಕಪ್ಪು ಅಕ್ಷರವಾಗಿ ಹುಲ್ಲಿನಲ್ಲಿ ನಿಂತಿತ್ತು. ಕಿತ್ತುಹಾಕಬೇಕು ಅನಿಸಿತು. ಕಿತ್ತುಹಾಕಬಾರದು ಎಂದೂ ಅನಿಸಿತು. ಎರಡನ್ನೂ ಮಾಡದೆ ಮನೆಗೆ ಹೋಗಿ ಅಡುಗೆ ಮಾಡಿದೆ.

ಮರುದಿನ ಅಮ್ಮಂದಿರು ಚಾಪೆ ಹಾಸಿ, ಡಬ್ಬಿ ಬಿಚ್ಚಿ, ಕೋಳಿ, ಶೇಂಗಾ ಸಾರು, ರಾಗಿಯ ಅಟಾಪ್ ಮುದ್ದೆ ಬಡಿಸುತ್ತಿದ್ದರು. ಓದು ಬಾರದ ಒಬ್ಬ ತಾಯಿ ಮಗಳಿಗೆ ಹಲಗೆ ತೋರಿಸಿ, "ಇದ್ರಲ್ಲೇನೇ ಬರ್ದಿದೆ?" ಎಂದಳು. ಮಗಳು ಅತೇಸೊದಲ್ಲಿ ಹೇಳಿದಳು.

"ಒಬ್ಳೇ ಯಾಕ್ ಹೋಗ್ಬಾರ್ದು?"

ಮಗಳು ತಟ್ಟೆ ನೋಡಿದಳು.

"ಯಾಕ್ ಹೋಗ್ಬಾರ್ದು ಕಣೇ? ಬಾಯಿ ಬಿಡು!"

ಆ ಪ್ರಶ್ನೆ ಒಂದು ಚಾಪೆಯಿಂದ ಇನ್ನೊಂದಕ್ಕೆ ದಾಟುತ್ತಾ ಹೋಯಿತು. ಹುಡುಗಿಯರ ಕಣ್ಣುಗಳೆಲ್ಲ ಒಂದೇ ಕಡೆ ತಿರುಗಿದವು. ಬೂದು ಬಣ್ಣದ ಸೂಟು ಹಾಕಿಕೊಂಡು ಅತಿಥಿಗಳ ಕೈಕುಲುಕುತ್ತಿದ್ದ ಒಲುಕಾ ದಡದಡ ಬಂದು ಹಲಗೆಗೆ ಕೈ ಹಾಕಿದ. ಸಿಮೆಂಟು ಬಿಡಲಿಲ್ಲ. ಅಲ್ಲಾಡಿಸಿದ, ಒದ್ದ, ಮತ್ತೆ ಅಲ್ಲಾಡಿಸಿದ. ಮುನ್ನೂರು ಜನ ಊಟ ಬಿಟ್ಟು ನೋಡುತ್ತಿದ್ದರು. ಕೊನೆಗೆ ಹಲಗೆ ಲಟ್ಟೆಂದು ಮುರಿಯಿತು. ಗೂಟ ನೆಲದಲ್ಲೇ ಉಳಿಯಿತು.

ಸೋಮವಾರ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ನಾಲ್ಕು ಜನ: ಒಕಲೇಬೊ, ಒಲುಕಾ, ಎಮೊರುಟ್, ನಾನು. ಅಷ್ಟರಲ್ಲಿ ಎಮೊರುಟ್‌ಗೆ ಎಲ್ಲ ಅರ್ಥವಾಗಿತ್ತು. ಎರಡು ದಿನದಲ್ಲಿ ಮುಖ ಇಳಿದುಹೋಗಿತ್ತು.

"ಯಾರು ಬರ್ದಿದ್ದು?" ಒಲುಕಾ ಕೇಳಿದ.

"ನಾನು."

"ಯಾಕೆ?"

"ಹಾವಿದೆ ಅಂತ ಕೇಳಿದ್ದೆ ಸಾರ್."

ಹೇಳುವಾಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ನನಗೆ ಸ್ವಲ್ಪವಾದರೂ ಹಗುರವಾಗುತ್ತಿತ್ತು.

ಒಕಲೇಬೊ ಬೆವರು ಒರೆಸಿಕೊಂಡರು. "ಹಾವೋ ಗೀವೋ, ಶಾಲೆ ಮಾನ ಹೋಯ್ತು. ಜಿಲ್ಲಾ ಕಚೇರಿಗೆ ಬರೀತೀನಿ ಎಮೊರುಟ್. ನೀನು ಮನೆಗೆ ಹೋಗೋಕೆ ತಯಾರಾಗು."

ಇಲ್ಲಿ ನಾನು ನನ್ನ ಜೀವಮಾನದ ದೊಡ್ಡ ತಪ್ಪು ಮಾಡಿದೆ. ಮೇಷ್ಟ್ರನ್ನು ಉಳಿಸಬೇಕು ಅನ್ನುವ ಗಡಿಬಿಡಿಯಲ್ಲಿ ಸ್ಟಾಫ್ ರೂಮಿಗೆ ಓಡಿ, ಅವರ ಕಡತ ತಂದು ಮೇಜಿನ ಮೇಲಿಟ್ಟೆ. "ಇವ್ರು ಬರ್ದಿದ್ದಲ್ಲ ಸಾರ್. ಹೊಸ ಪಠ್ಯಕ್ರಮದ ಪ್ರಕಾರ ಮಕ್ಕಳ ಕೈಲಿ ಮಾಡ್ಸಿದ್ದು. ನೋಡಿ, ಗುಂಪಿನ ಹಾಳೆ ಇದೆ." ಐದು ಮಕ್ಕಳ ಗುಂಪು. ಐದು ಮಕ್ಕಳನ್ನು ಯಾರೂ ಶಾಲೆಯಿಂದ ಹೊರಗೆ ಹಾಕುವುದಿಲ್ಲ, ಬೈದು ಬಿಡುತ್ತಾರೆ ಎಂದು ನನ್ನ ಲೆಕ್ಕಾಚಾರ. ಕೊನೆಯ ಕಾಲಮು ನನ್ನ ತಲೆಯಲ್ಲೇ ಇರಲಿಲ್ಲ.

ಎಮೊರುಟ್ ಕಡತದ ಮೇಲೆ ಕೈ ಚಾಚಿದರು. ಒಲುಕಾ ಮೊದಲೇ ಎತ್ತಿಕೊಂಡಿದ್ದ. ಬೆರಳಿಟ್ಟು ಓದುತ್ತಾ ಕೊನೆಗೆ ನಿಂತ. "ನಾಲ್ಕನೇ ಗುಂಪು," ಅಂದ. "ಮೊದಲು ಹೇಳಿದವರು, ಅಸಿಯೊ."

ಮೇಷ್ಟ್ರ ಗುಂಡು ಗುಂಡನೆಯ ಅಕ್ಷರ. ಒಂದು ಚಿತ್ತೂ ಇರಲಿಲ್ಲ.

ಬುಧವಾರ ಶಿಸ್ತು ಸಮಿತಿ ಸೇರಿತು. ಅಸಿಯೊ ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡು ಬಂದಿದ್ದಳು. ನಡಾವಳಿ ಬರೆಯುವ ಕೆಲಸ ನನ್ನದು. ಎಮೊರುಟ್ ಅವರನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು.

"ಈ ಮಾತು ಮೊದಲು ಹೇಳಿದ್ದು ನೀನೇನಾ?" ಒಕಲೇಬೊ ಕೇಳಿದರು.

ಅವಳು ನನ್ನನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೆಂದು ನನಗೆ ಗೊತ್ತಿಲ್ಲ, ನಾನು ತಲೆ ತಗ್ಗಿಸಿ ತಾರೀಕು ಬರೆಯುತ್ತಿದ್ದೆ.

"ಹೌದು ಸಾರ್," ಅಂದಳು.

"ಅಲ್ಲಿ ನಿಂಗೇನಾಯ್ತು? ಹೇಳು ನೋಡೋಣ," ಎಂದ ಒಲುಕಾ. ಕಾಲ ಮೇಲೆ ಕಾಲು ಹಾಕಿಕೊಂಡಿದ್ದ.

"ನಂಗೇನೂ ಆಗಿಲ್ಲ ಸಾರ್. ನಾನು ಯಾವತ್ತೂ ಒಬ್ಳೇ ಹೋಗಿಲ್ಲ."

"ಕೇಳಿದ್ರಾ?" ಎಂದು ಎಲ್ಲರ ಕಡೆ ತಿರುಗಿದ. "ಏನೂ ಆಗಿಲ್ಲ. ಅವಳ ಬಾಯಲ್ಲೇ ಬಂತು. ಸುಮ್ಮನೆ ಕೆಸರೆರಚೋ ಕೆಲ್ಸ."

ನನ್ನ ಮಾತು ಕೇಳಿದ್ದಳು ಹುಡುಗಿ. ಚಾಚೂ ತಪ್ಪದೆ ಪಾಲಿಸಿದ್ದಳು. ಅದರಿಂದಲೇ ಉಳಿದಿದ್ದಳು. ಉಳಿದದ್ದರಿಂದಲೇ ಅವಳ ಹತ್ತಿರ ಸಾಕ್ಷಿ ಇರಲಿಲ್ಲ. ನಾನು ನಡಾವಳಿಯಲ್ಲಿ ಬರೆದೆ: 'ಆರೋಪಕ್ಕೆ ಆಧಾರವಿಲ್ಲವೆಂದು ವಿದ್ಯಾರ್ಥಿನಿಯೇ ಒಪ್ಪಿಕೊಂಡಳು.' ಥೂ! ಈ ಕೈಯಲ್ಲೇ ಬರೆದದ್ದು.

ಒಕಲೇಬೊ ಕೆಟ್ಟವರಲ್ಲ, ಪುಕ್ಕಲು ಅಷ್ಟೇ. "ನೋಡಮ್ಮಾ," ಅಂದರು, "ನಾಳೆ ಪ್ರಾರ್ಥನೆ ಹೊತ್ನಲ್ಲಿ ಎಲ್ಲರ ಮುಂದೆ ಡೆಪ್ಯುಟಿ ಸಾರ್ ಹತ್ರ ಕ್ಷಮೆ ಕೇಳಿಬಿಡು. ಇಲ್ಲಿಗೇ ಮುಗ್ಸೋಣ. ಮುಂದಿನ ವರ್ಷ ಪರೀಕ್ಷೆ ಇದೆ ನಿಂಗೆ."

ಅವಳು ಸ್ವಲ್ಪ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ಹಟಕ್ಕೆ ನಿಂತವಳ ಹಾಗೆ ಇರಲಿಲ್ಲ. ಆಮೇಲೆ ಕೇಳಿದಳು: "ಏನಂತ ಹೇಳ್ಲಿ ಸಾರ್? ಹುಡುಗೀರೆಲ್ಲ ಒಬ್ಬೊಬ್ರೇ ಹೋಗಿ ಅಂತ ಹೇಳ್ಲಾ?"

ಹತ್ತು ನಿಮಿಷದಲ್ಲಿ ತೀರ್ಮಾನವಾಯಿತು. ಶಾಲೆಯಿಂದ ಹೊರಗೆ. ಬೇರೆ ಶಾಲೆ ಸೇರಿಸಿಕೊಳ್ಳಬೇಕಾದರೆ ನಡತೆಯ ಪತ್ರ ಬೇಕು, ಅದನ್ನು ಕೊಡುವುದಿಲ್ಲ ಎಂದೂ ಬರೆಸಿದರು. ನಾನು ಬರೆದೆ. ಇಡೀ ಹೊತ್ತಿನಲ್ಲಿ ಒಂದೇ ಒಂದು ವಾಕ್ಯ ಸಾಕಾಗಿತ್ತು: ಆ ಮಾತು ಅವಳದ್ದಲ್ಲ, ನನ್ನದು, ಹದಿಮೂರು ವರ್ಷದಿಂದ ನಾನೇ ಹೇಳುತ್ತಿದ್ದೇನೆ, ಯಾಕೆಂದು ಕೇಳಿ ಎಂಬುದು. ನನ್ನ ಮಾತಾದರೆ ಸಮಿತಿಯವರು ಅಷ್ಟು ಸಲೀಸಾಗಿ ತಳ್ಳಿಹಾಕುತ್ತಿರಲಿಲ್ಲ. ಮಗನಿಗೆ ಆಗ ಹದಿನೈದು. ಕ್ವಾರ್ಟರ್ಸು, ಕೆಲಸ, ಮಗನ ಓದು, ಎಲ್ಲ ಒಂದರ ಮೇಲೊಂದು ಕಣ್ಣ ಮುಂದೆ ಬಂದವು. ಕಾರಣಗಳು ಯಾವಾಗಲೂ ಇರುತ್ತವೆ ಬಿಡಿ.

ತಾಯಿ ಮಾರನೆಯ ದಿನ ಬಾಡಿಗೆಯ ಬೋಡಾ ಬೈಕಿನಲ್ಲಿ ಬಂದಳು. ಮೈಯೆಲ್ಲ ಹುದುಗಿದ ರಾಗಿಯ ವಾಸನೆ. ತಗಡಿನ ಪೆಟ್ಟಿಗೆ, ಸುತ್ತಿದ ಹಾಸಿಗೆ ಅಂಗಳದಲ್ಲಿದ್ದವು. ನನ್ನನ್ನು ಕಂಡು ಹತ್ತಿರ ಬಂದು ಕೈ ಹಿಡಿದುಕೊಂಡಳು.

"ಮೇಡಂ, ನೀವು ಹುಡುಗೀರಿಗೆಲ್ಲ ತಾಯಿ ಥರ ಅಂತ ಇವ್ಳು ರಜಕ್ಕೆ ಬಂದಾಗೆಲ್ಲ ಹೇಳ್ತಿದ್ಲು. ಹೇಳೀಮ್ಮಾ, ನನ್ ಮಗ್ಳು ಸುಳ್ಳು ಬರದ್ಲಾ? ನಿಮಗೇನಾದ್ರೂ ಗೊತ್ತಿತ್ತಾ?"

ಮಗಳು ಪಕ್ಕದಲ್ಲೇ ನಿಂತಿದ್ದಳು.

"ಇಲ್ಲಮ್ಮ," ಅಂದೆ. "ನಂಗೇನೂ ಗೊತ್ತಿಲ್ಲ."

ತಾಯಿ ಕೈ ಬಿಟ್ಟಳು. ಎಮೊರುಟ್ ಪೆಟ್ಟಿಗೆಯನ್ನು ತಮ್ಮ ಸೈಕಲ್ಲಿನ ಮೇಲೆ ಕಟ್ಟಿಕೊಂಡು ಹೆದ್ದಾರಿಯವರೆಗೂ ಅವರ ಜೊತೆ ನಡೆದು ಹೋದರು. ಸ್ಟಾಫ್ ರೂಮಿನ ಕಿಟಕಿಯಿಂದ ನೋಡಿದೆ. ಅಸಿಯೊ ಏನೋ ಹೇಳುತ್ತಿದ್ದಳು, ಅವರು ಕುತ್ತಿಗೆ ಬಗ್ಗಿಸಿ ಕೇಳುತ್ತಿದ್ದರು.

ಆ ವರ್ಷದ ಕ್ರಿಸ್‌ಮಸ್ಸಿಗೆ ಮೊದಲೇ ಅವಳ ಮದುವೆ ಮಾಡಿದರು. ದನಗಳಿರುವ ಮನೆಯಂತೆ, ಗಂಡನಿಗೆ ಅವಳ ಎರಡರಷ್ಟು ವಯಸ್ಸಂತೆ. ಈಗ ಎರಡು ಮಕ್ಕಳು. ಎಮೊರುಟ್ ವರ್ಗ ಕೇಳಿಕೊಂಡು ಅಮುರಿಯಾ ಕಡೆಗೆ ಹೋದರು. ಒಲುಕಾ ಮುಖ್ಯೋಪಾಧ್ಯಾಯನಾಗಿ ಇನ್ನೂ ದೊಡ್ಡ ಶಾಲೆಗೆ ಹೋದ. ಬೀಳ್ಕೊಡುಗೆಗೆ ಎರಡು ಆಡು ಕಡಿದರು. ಸನ್ಮಾನ ಪತ್ರ ಓದಲು ಹಿರಿಯ ಮೇಡಂ ಬೇಕು ಅಂದರು, ಓದಿದೆ.

ಹೋದ ವರ್ಷ ಪರೀಕ್ಷೆ ನೋಡಿಕೊಳ್ಳಲು ನನ್ನನ್ನು ಅಮುರಿಯಾಕ್ಕೆ ಹಾಕಿದ್ದರು. ಒಂದು ದಿನ ಮೊದಲೇ ಹೋದೆ. ಎಮೊರುಟ್ ಮೇಷ್ಟ್ರ ತರಗತಿ ಹುಡುಕಿಕೊಂಡು ಹೋಗಿ ಕಿಟಕಿಯ ಹತ್ತಿರ ನಿಂತೆ. ಬೆಂಚುಗಳು ಸಾಲಾಗಿದ್ದವು. ಬೋರ್ಡು ಮೇಲಿಂದ ಕೆಳಗಿನ ತನಕ ತುಂಬಿತ್ತು. ಅವರು ನೋಟ್ಸು ಓದುತ್ತಿದ್ದರು, ತೊಂಬತ್ತು ಮಕ್ಕಳು ತಲೆ ಎತ್ತದೆ ಬರೆದುಕೊಳ್ಳುತ್ತಿದ್ದರು. ತೋಳಿನವರೆಗೂ ಸೀಮೆಸುಣ್ಣದ ಪುಡಿ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಮೊದ್ಲು ಬರ್ಕೋ. ಪ್ರಶ್ನೆ ಬೇಡ," ಅಂದರು. ಆ ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಆಮೇಲೆ ಜಗಲಿಯಲ್ಲಿ ಕೂತು ಚಹಾ ಕುಡಿದೆವು. ಕೂದಲು ಅರ್ಧ ಬೆಳ್ಳಗಾಗಿತ್ತು.

"ಇಲ್ಲಿ ಅಪ್ಪಂದಿರಿಗೆ ತುಂಬಾ ಖುಷಿ," ಅಂದರು. "ನೋಟ್‌ಬುಕ್ ತುಂಬಿದೆ. ಫಲಿತಾಂಶನೂ ಚೆನ್ನಾಗಿದೆ."

"ಗುಂಪು ಎಲ್ಲ ಬಿಟ್ಟೇಬಿಟ್ರಾ ಮೇಷ್ಟ್ರೇ?"

"ಮಾತಾಡಿ ಮಾತಾಡಿ ಅಂತ ಕಲಿಸ್ದೆ ಮೇಡಂ. ಮಾತಾಡಿದ್ಮೇಲೆ ಅವ್ರ ಹಿಂದೆ ನಿಲ್ಲೋರು ಯಾರು ಅಂತ ನೋಡ್ಕೊಳ್ಳಲಿಲ್ಲ. ಅದನ್ನ ನೋಡ್ಕೊಳ್ದೆ ಕಲಿಸ್ಬಾರ್ದು."

ನಾನು ಲೋಟ ಕೆಳಗಿಟ್ಟೆ. ಕಡತ ತಂದುಕೊಟ್ಟಿದ್ದಕ್ಕೆ ಕ್ಷಮೆ ಕೇಳಬೇಕೆಂದೇ ಬಂದಿದ್ದೆ. ಕೇಳಿದೆ. ಅವರು ಕೈ ಆಡಿಸಿದರು.

"ಅದು ಬಿಡಿ, ನನ್ನ ಉಳಿಸೋಕೆ ತಂದ್ರಿ. ನಂಗೊತ್ತು." ಆಮೇಲೆ ಹೇಳಿದರು: "ಆವತ್ತು ರಸ್ತೇಲಿ ಅಸಿಯೊ ಏನ್ ಹೇಳಿದ್ಲು ಗೊತ್ತಾ? ಸಾರ್, ಹಾಳೇಲಿ ಒಂದು ತಪ್ಪಿದೆ, ತಿದ್ದಿಬಿಡಿ ಅಂದ್ಲು. ಆ ಮಾತು ನಂದಲ್ಲ, ಆಚೊಮ್ ಮೇಡಂದು. ನನ್ನ ಹೆಸ್ರು ಬರ್ಕೊಂಡಿದೀರಿ, ಅವ್ರದ್ದು ಬರೀಬೇಕು ಅಂದ್ಲು. ಶಾಲೆ ಹೋಯ್ತು ಅಂತ ಅಳ್ಲಿಲ್ಲ ಮೇಡಂ. ಇನ್ನೊಬ್ರ ಮಾತನ್ನ ತನ್ನದು ಮಾಡ್ಕೊಂಡೆ ಅಂತ ಬೇಜಾರು ಮಾಡ್ಕೊಂಡಿದ್ಲು."

"ತಿದ್ದಿದ್ರಾ?"

"ಇಲ್ಲ. ನೀವೇ ಹೇಳ್ತೀರಿ ಅಂತ ಕಾದೆ. ಆ ಟರ್ಮು ಮುಗಿಯೋ ತನಕ ದಿನಾ ನಿಮ್ಮ ಎದುರಿಗೇ ಕೂತು ಕಾದೆ. ಆಮೇಲೆ ವರ್ಗ ಕೇಳ್ದೆ."

ಗಂಟೆ ಹೊಡೆಯಿತು, ಸೀಮೆಸುಣ್ಣ ಎತ್ತಿಕೊಂಡು ಮುಂದಿನ ತರಗತಿಗೆ ಹೋದರು.

ಹಾಳೆಯನ್ನು ಈಗ ನಾನು ತಿದ್ದುತ್ತಿದ್ದೇನೆ. ನಾಲ್ಕನೇ ಗುಂಪು. ಮಾತು: 'ಹುಡುಗಿಯರೇ, ಪುಸ್ತಕದ ಕೋಣೆಗೆ ಒಬ್ಬೊಬ್ಬರೇ ಹೋಗಬೇಡಿ.' ಮೊದಲು ಹೇಳಿದವರು: ಜೆನೆಟ್ ಆಚೊಮ್, ಹಿರಿಯ ಮೇಡಂ. ಗಟ್ಟಿಯಾಗಿ ಹೇಳಿದವರು: ಅಸಿಯೊ. ಅವಳಿಗೆ ಇದರಿಂದ ಏನೂ ವಾಪಸ್ಸು ಬರುವುದಿಲ್ಲ, ಗೊತ್ತು. ಈ ಟರ್ಮಿನಲ್ಲೂ ಹೊಸ ಹುಡುಗಿಯರು ಬಂದಿದ್ದಾರೆ. ಪುಸ್ತಕದ ಕೋಣೆಯ ಬೀಗದ ಕೈ ಈಗ ಬೇರೆ ಡೆಪ್ಯುಟಿಯ ಜೇಬಿನಲ್ಲಿದೆ. ಹೋದ ವಾರ ಅವನೂ ನನಗೆ ಹೇಳಿದ: "ಸೀಮೆಸುಣ್ಣ ಬೇಕಾದ್ರೆ ಒಬ್ಳನ್ನ ಕಳ್ಸಿ ಮೇಡಂ."